ಹಿಡಿ ಅಕ್ಕಿ ಕೂಡಿಸಿ ಶಾಲೆ ನಡೆಸಿದವರು

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ ಎಂದರೆ ನಮ್ಮ ದೊಡ್ಡಉಳ್ಳಾರ್ತಿಯಲ್ಲಿ ಎರಡು ಪ್ರಶ್ನೆ ಖಚಿತ. ಫೀಸ್ ಎಷ್ಟು ಎನ್ನುವುದು ಮೊದಲನೆಯದು. ಚರ್ಚಿನವರ ಕಾಲೇಜಂತಲ್ಲ, ನಮ್ಮಂಥವರನ್ನೂ ಸೇರಿಸಿಕೊಳ್ಳುತ್ತಾರಾ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಶಿಕ್ಷಣ ಸಾಲದ ಕಾಗದವೇ ಉತ್ತರ. ಎರಡನೆಯದಕ್ಕೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ಕುರಿಯಾಕೋಸ್ ಏಲಿಯಾಸ್ ಚಾವರ ಅವರ ಬದುಕು. ನಮ್ಮ ವಿಶ್ವವಿದ್ಯಾಲಯವನ್ನು ನಡೆಸುವ ಸಿಎಂಐ ಸಭೆಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಚಾವರ ಹುಟ್ಟಿದ್ದು 1805ರ ಫೆಬ್ರುವರಿ 10ರಂದು, ಕೇರಳದ ಕುಟ್ಟನಾಡಿನ ಕೈನಕರಿಯಲ್ಲಿ. ಸುತ್ತ ನೀರೇ ನೀರು, ಭತ್ತದ ಗದ್ದೆ. ಮಳೆಗಾಗಿ ಮುಗಿಲು ನೋಡುವ ನಮ್ಮ ಚಳ್ಳಕೆರೆ ಸೀಮೆಗೂ ಅದಕ್ಕೂ ಅಜಗಜಾಂತರ. ಆದರೆ ಮನೆಯ ಕಷ್ಟ ಎಲ್ಲ ಕಡೆಯೂ ಒಂದೇ ಥರ. ಹುಡುಗ ಪಳ್ಳಿಪ್ಪುರಂ ಸೆಮಿನರಿಯಲ್ಲಿ ಓದುತ್ತಿದ್ದಾಗಲೇ ಸಾಂಕ್ರಾಮಿಕ ರೋಗ ಬಂದು ತಂದೆ, ತಾಯಿ, ಇದ್ದೊಬ್ಬ ಅಣ್ಣ ಎಲ್ಲರನ್ನೂ ಕೊಂಡೊಯ್ದಿತು. ಓದು ಬಿಟ್ಟು ಬಂದು ಮನೆತನ ಉಳಿಸು ಎಂದು ಬಂಧುಗಳು ಒತ್ತಾಯಿಸಿದರು. ಕೊನೆಗೆ ಅಕ್ಕ ಮುಂದೆ ಬಂದು ಮನೆಯ ಹೊಣೆ ಹೊತ್ತಳು, ತಮ್ಮ ಓದಿಗೆ ಮರಳಿದ.

ಚಾವರರ ಬಗ್ಗೆ ಬರೆಯುವವರು ಈ ಅಕ್ಕನನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಆಗುವುದಿಲ್ಲ. ನನ್ನಣ್ಣ ಪಿಯುಸಿ ಅರ್ಧಕ್ಕೆ ಬಿಟ್ಟು ಶೇಂಗಾ ಹೊಲಕ್ಕೆ ಇಳಿದಿದ್ದರಿಂದಲೇ ನಾನು ಬೆಂಗಳೂರಿನ ಬಸ್ಸು ಹತ್ತಿದ್ದು. ಊರಿನಿಂದ ಓದಲು ಬಂದ ಪ್ರತಿಯೊಬ್ಬರ ಹಿಂದೆಯೂ ಹೀಗೆ ಮನೆಯಲ್ಲೇ ಉಳಿದುಕೊಂಡ ಒಬ್ಬರು ಇದ್ದೇ ಇರುತ್ತಾರೆ.

1829ರಲ್ಲಿ ಚಾವರ ಗುರುದೀಕ್ಷೆ ಪಡೆದರು. 1831ರಲ್ಲಿ ಪಾಲಕ್ಕಲ್ ಥಾಮಸ್ ಮತ್ತು ಪೋರೂಕ್ಕರ ಥಾಮಸ್ ಎಂಬ ಇಬ್ಬರು ಹಿರಿಯರೊಂದಿಗೆ ಕೊಟ್ಟಾಯಂ ಬಳಿಯ ಮಾನ್ನಾನಂ ಗುಡ್ಡದಲ್ಲಿ ಆಶ್ರಮ ಆರಂಭಿಸಿದರು. 1846ರಲ್ಲಿ ಅಲ್ಲೇ ಸಂಸ್ಕೃತ ಶಾಲೆ ತೆರೆದರು. ಸಂಸ್ಕೃತ ಮೇಲುಜಾತಿಯವರ ಸೊತ್ತಾಗಿದ್ದ ಕಾಲವದು. ಕ್ರೈಸ್ತ ಪಾದ್ರಿಯೊಬ್ಬರು ಸಂಸ್ಕೃತದ ಮೇಷ್ಟ್ರನ್ನು ಕರೆಸಿ ಪಾಠ ಹೇಳಿಸಿದ್ದು ಸಣ್ಣ ಮಾತಲ್ಲ. ದಲಿತ ಮಕ್ಕಳಿಗೂ ಶಾಲೆ ತೆರೆದರು. ನಮ್ಮೂರಿನ ಎರಡನೇ ಪ್ರಶ್ನೆಗೆ ಇದಕ್ಕಿಂತ ಹಳೆಯ ಉತ್ತರ ಬೇಕೆ?

ಅದೇ ವರ್ಷ ಮುದ್ರಣಾಲಯವೂ ಆಯಿತು. ಯಂತ್ರ ತರಿಸುವಷ್ಟು ದುಡ್ಡಿಲ್ಲ. ಬಾಳೆದಿಂಡಿನಲ್ಲಿ ಮಾದರಿ ಕೆತ್ತಿ ಬಡಗಿಗೆ ತೋರಿಸಿ, ಮರದ ಅಚ್ಚುಯಂತ್ರ ಮಾಡಿಸಿದರು ಎಂದು ಹೇಳುತ್ತಾರೆ. ಇಂಜಿನಿಯರಿಂಗ್ ಓದುವ ಗೆಳೆಯರಿಗೆ ನಾನು ಮೊದಲು ಹೇಳುವ ಕಥೆ ಇದೇ.

1861ರಲ್ಲಿ ವಿಕಾರ್ ಜನರಲ್ ಆದ ಮೇಲೆ, ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಇರಲೇಬೇಕೆಂದು ಪಟ್ಟು ಹಿಡಿದರು. ಆದರೆ ಹಸಿದ ಮಗು ಶಾಲೆಗೆ ಬರುವುದು ಹೇಗೆ? ಅದಕ್ಕೆ ಮಧ್ಯಾಹ್ನದ ಊಟ, ಬಟ್ಟೆ ಕೊಟ್ಟರು. ಇದಕ್ಕೆ ದಾರಿಯಾಗಿದ್ದು ಪಿಡಿಯರಿ, ಅಂದರೆ ಹಿಡಿ ಅಕ್ಕಿ. ಮನೆಯ ಹೆಂಗಸರು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಪಕ್ಕಕ್ಕೆ ತೆಗೆದಿಟ್ಟು ಚರ್ಚಿಗೆ ಕೊಡಬೇಕು. ಮಲಯಾಳದ ಪಿಡಿ ನಮ್ಮಲ್ಲಿ ಹಿಡಿ ಆಗಿದೆ, ಅಷ್ಟೇ. ಕಾಳು ಕೂಡಿಸಿ ಮಕ್ಕಳಿಗೆ ಉಣಬಡಿಸುವುದು ಮಠಗಳ ದಾಸೋಹ ಕಂಡ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

1866ರಲ್ಲಿ ಕೂನಮ್ಮಾವಿನಲ್ಲಿ ಸನ್ಯಾಸಿನಿಯರ ಸಭೆ ಕಟ್ಟಿದರು. ಹೆಣ್ಣುಮಕ್ಕಳ ಓದು, ಕೈಕೆಲಸ ಅಲ್ಲಿಂದ ಬೆಳೆಯಿತು. 1869ರಲ್ಲಿ ಹುಟ್ಟೂರಿನಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಆಶ್ರಯಧಾಮ ತೆರೆಸಿದರು. 1871ರ ಜನವರಿ 3ರಂದು ಕೂನಮ್ಮಾವಿನಲ್ಲೇ ತೀರಿಕೊಂಡರು. 2014ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಅವರು ಹೋಗಿ 98 ವರ್ಷಗಳ ನಂತರ, 1969ರಲ್ಲಿ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ಕಾಲೇಜು ಶುರುವಾಯಿತು. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಈಗ ಕೆಂಗೇರಿ, ಬನ್ನೇರುಘಟ್ಟ ರಸ್ತೆ, ಯಶವಂತಪುರ, ಪುಣೆ ಬಳಿಯ ಲವಾಸಾ, ದೆಹಲಿ ಪಕ್ಕದಲ್ಲೂ ಕ್ಯಾಂಪಸ್‌ಗಳಿವೆ. ಚಾವರ ಎಂಬ ಹೆಸರು ದಿನವೂ ಕಿವಿಗೆ ಬೀಳುತ್ತದೆ, ಆದರೆ ಹಿಡಿ ಅಕ್ಕಿಯ ಕಥೆ ಗೊತ್ತಿರುವ ಸಹಪಾಠಿಗಳು ಕಡಿಮೆ.

ಬೆಂಗಳೂರಿನಿಂದ ಕೊಟ್ಟಾಯಂಗೆ ಒಂದು ರಾತ್ರಿಯ ರೈಲು, ಅಲ್ಲಿಂದ ಮಾನ್ನಾನಂ ಹತ್ತಿರ. ಶೇಂಗಾ ಕಿತ್ತು ಮುಗಿದ ಮೇಲೆ ಅಣ್ಣನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ.