ಪಿಂಗ್ ಶಿಲ್ಪಿ ಮೈಕ್ ಮೂಸ್

ವಿಜಯಪುರದ ಗೋಲಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ನಿಂತು ಒಮ್ಮೆ ಕೂಗಿದರೆ, ಆ ಕೂಗು ಹಲವು ಬಾರಿ ಮಾರ್ದನಿಗೊಂಡು ಕಿವಿಗೆ ಮರಳುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳಿಂದ ಅಲ್ಲಿಗೆ ಪ್ರವಾಸ ಹೋದ ಮಕ್ಕಳು ಇದನ್ನು ಬಲ್ಲರು. ಕೂಗಿ ಮಾರ್ದನಿಗೆ ಕಾಯುವ ಈ ಸರಳ ತತ್ತ್ವವನ್ನು ಕಂಪ್ಯೂಟರ್ ಜಾಲದ ಪರೀಕ್ಷೆಗೆ ಅಳವಡಿಸಿ, ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಿದವರು ಅಮೆರಿಕದ ಮೈಕ್ ಮೂಸ್.

ಮೂಸ್ ಅವರು 1958ರ ಅಕ್ಟೋಬರ್ 16ರಂದು ಜನಿಸಿದರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಪದವೀಧರರಾದ ಅವರು ವಿದ್ಯಾರ್ಥಿದೆಸೆಯಲ್ಲಿಯೇ ಸೋನಾರ್ ವ್ಯವಸ್ಥೆಯನ್ನು ಅಭ್ಯಾಸ ಮಾಡಿದ್ದರು. ನೀರಿನೊಳಗೆ ಶಬ್ದವನ್ನು ಕಳುಹಿಸಿ, ಅದು ಎದುರಿನ ವಸ್ತುವಿಗೆ ತಾಗಿ ಮರಳಲು ಹಿಡಿದ ಕಾಲದಿಂದ ದೂರವನ್ನರಿಯುವುದೇ ಸೋನಾರ್. ಮುಂದೆ ಅವರು ಮೇರಿಲ್ಯಾಂಡ್ ಸಂಸ್ಥಾನದಲ್ಲಿದ್ದ ಸೈನ್ಯದ ಸಂಶೋಧನಾಲಯವೊಂದನ್ನು ಸೇರಿದರು.

1983ರ ಜುಲೈನಲ್ಲಿ ನಾರ್ವೆ ದೇಶದಲ್ಲಿ ನಡೆದ ಸಭೆಯೊಂದರಲ್ಲಿ ಡೇವಿಡ್ ಮಿಲ್ಸ್ ಎಂಬ ವಿಜ್ಞಾನಿ, ಜಾಲದಲ್ಲಿ ಪ್ರತಿಧ್ವನಿ ಸಂದೇಶಗಳನ್ನು ಕಳುಹಿಸಿ ಕಾಲವನ್ನಳೆದ ತಮ್ಮ ಪ್ರಯೋಗವನ್ನು ಮಾತಿನ ನಡುವೆ ತಿಳಿಸಿದರು. ಅದೇ ಡಿಸೆಂಬರಿನಲ್ಲಿ ಸಂಶೋಧನಾಲಯದ ಜಾಲವು ವಿಚಿತ್ರವಾಗಿ ವರ್ತಿಸತೊಡಗಿತು. ಮಿಲ್ಸರ ಮಾತನ್ನು ನೆನೆದ ಮೂಸ್ ಒಡನೆಯೇ ಒಂದು ಪ್ರೋಗ್ರಾಮನ್ನು ಬರೆದರು. ಆದರೆ ಅದು ನಡೆಯಲು ಬೇಕಾದ ಆಧಾರವು ಯಂತ್ರದ ಮೂಲ ವ್ಯವಸ್ಥೆಯಲ್ಲಿಯೇ ಇರಲಿಲ್ಲ. ಅವರು ಎದೆಗುಂದದೆ ಅದನ್ನೂ ರಚಿಸಿ, ಬೆಳಗಾಗುವುದರೊಳಗೆ ಕಾರ್ಯವನ್ನು ಪೂರೈಸಿದರು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಜಾಲದ ದೋಷವನ್ನು ಕಂಡುಹಿಡಿದು ಸರಿಪಡಿಸಿಬಿಟ್ಟಿದ್ದರು! ಆದರೂ ಆ ರಾತ್ರಿಯ ದುಡಿಮೆ ವ್ಯರ್ಥವಾಗಲಿಲ್ಲ.

ಸೋನಾರ್ ಹೊರಡಿಸುವ ಶಬ್ದವನ್ನೇ ಅನುಸರಿಸಿ ಮೂಸ್ ಅದಕ್ಕೆ ಪಿಂಗ್ ಎಂದು ಹೆಸರಿಟ್ಟರು. ಪಿಂಗ್ ಎಂದು ಬರೆದು ದೂರದ ಯಂತ್ರದ ವಿಳಾಸವನ್ನು ಕೊಟ್ಟರೆ ಒಂದು ಕಿರುಸಂದೇಶ ಅಲ್ಲಿಗೆ ಧಾವಿಸುತ್ತದೆ. ಆ ಯಂತ್ರವು ಅದನ್ನು ಮರಳಿಸುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗಗಳಲ್ಲಿ ಎಣಿಸಲಾಗುತ್ತದೆ. ಉತ್ತರ ಬಂದರೆ ದಾರಿ ತೆರೆದಿದೆಯೆಂದು ತಿಳಿಯಬೇಕು. ಬಾರದಿದ್ದರೆ ದಾರಿ ಕಡಿದಿರಬಹುದು, ಯಂತ್ರವು ನಿಂತಿರಬಹುದು, ಇಲ್ಲವೆ ಉತ್ತರ ಕೊಡದಂತೆ ಅದಕ್ಕೆ ಕಟ್ಟುಮಾಡಿರಲೂಬಹುದು. ಆದುದರಿಂದ ಮೌನವನ್ನು ಕಂಡು ದುಡುಕಿ ತೀರ್ಮಾನಿಸಬಾರದು.

ಮೂಸ್ ತಮ್ಮ ಕೃತಿಗೆ ಬೆಲೆಯನ್ನು ಕಟ್ಟಲಿಲ್ಲ. ಬರ್ಕ್ಲಿ ವಿಶ್ವವಿದ್ಯಾನಿಲಯದವರು ಅದನ್ನು ತಮ್ಮ ಯುನಿಕ್ಸ್ ವ್ಯವಸ್ಥೆಯಲ್ಲಿ ಸೇರಿಸಿಕೊಂಡರು. ಅಲ್ಲಿಂದ ಅದು ಲೋಕವನ್ನೆಲ್ಲ ವ್ಯಾಪಿಸಿತು. ಇಂದು ರಬಕವಿ-ಬನಹಟ್ಟಿಯ ಕಚೇರಿಯೊಂದರಲ್ಲಿ ಜಾಲದ ಸಂಪರ್ಕ ಕಡಿದರೂ, ದುರಸ್ತಿಗೆ ಬಂದವರು ಮೊದಲು ಹಿಡಿಯುವ ಸಾಧನಗಳಲ್ಲಿ ಪಿಂಗ್ ಒಂದು.

ವಸ್ತುಗಳ ಆಕೃತಿಯನ್ನು ಕಂಪ್ಯೂಟರಿನಲ್ಲಿ ರೂಪಿಸುವ ದೊಡ್ಡ ವ್ಯವಸ್ಥೆಯೊಂದಕ್ಕಾಗಿ ಮೂಸ್ ಬಹುಕಾಲ ಶ್ರಮಿಸಿದರು. ಆದರೆ ಅವರಿಗೆ ಕೀರ್ತಿಯನ್ನು ತಂದುದು ಒಂದು ರಾತ್ರಿಯ ಈ ಪುಟ್ಟ ರಚನೆ. ಅದೇ ತಮ್ಮ ಹೆಸರನ್ನು ಉಳಿಸುವುದೆಂದು ಮೊದಲೇ ತಿಳಿದಿದ್ದರೆ ಇನ್ನೊಂದೆರಡು ದಿನ ಅದಕ್ಕಾಗಿ ದುಡಿಯುತ್ತಿದ್ದೆನೆಂದು ಅವರು ವಿನೋದವಾಗಿ ಬರೆದುಕೊಂಡಿದ್ದಾರೆ. 2000ದ ನವೆಂಬರ್ 20ರಂದು, ತಮ್ಮ 42ನೆಯ ವಯಸ್ಸಿನಲ್ಲಿ, ಅವರು ರಸ್ತೆಯ ಅಪಘಾತಕ್ಕೆ ಬಲಿಯಾದರು. ಅವರು ಕೊಟ್ಟುಹೋದ ಪಿಂಗ್ ಮಾತ್ರ ಜಗತ್ತಿನ ಮೂಲೆಮೂಲೆಗಳಲ್ಲಿ ಇಂದಿಗೂ ಕೂಗಿ ಕರೆಯುತ್ತಲೇ ಇದೆ.