ಚದುರಂಗದ ಪಾಲ್ ಮಾರ್ಫಿ

ನೀವು ಜಟಿಂಗ ರಾಮೇಶ್ವರದ ತಪ್ಪಲಿನ ಹಳ್ಳಿಯಲ್ಲಿರಿ, ಚಳ್ಳಕೆರೆಯ ಹಾಸ್ಟೆಲಿನಲ್ಲಿರಿ, ಚೆಸ್ ಆಡಲು ಕುಳಿತಾಗ ನಮ್ಮಲ್ಲಿ ಹಲವರು ಮಾಡುವ ತಪ್ಪು ಒಂದೇ. ಒಂದೇ ಕಾಯಿಯನ್ನು ಮತ್ತೆ ಮತ್ತೆ ನಡೆಸಿ ಎದುರಾಳಿಯ ಕಾಲಾಳುಗಳನ್ನು ಹೊಡೆಯಲು ಹೋಗುತ್ತೇವೆ. ಉಳಿದ ಕುದುರೆ, ಒಂಟೆ, ಆನೆಗಳು ಮನೆಯಲ್ಲೇ ನಿಂತಿರುತ್ತವೆ. ಈ ತಪ್ಪಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದವನು ಪಾಲ್ ಮಾರ್ಫಿ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನು ರಚಿಸಿದ ಶತಮಾನದಲ್ಲೇ ಆತ ದೂರದ ಅಮೆರಿಕದಲ್ಲಿ ಬೆಳೆದ.

ಮಾರ್ಫಿ ಹುಟ್ಟಿದ್ದು 1837ರ ಜೂನ್ 22ರಂದು, ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆ ನ್ಯಾಯಾಧೀಶರು. ತಂದೆ ಮತ್ತು ಚಿಕ್ಕಪ್ಪ ಆಡುವುದನ್ನು ನೋಡಿಯೇ ಆಟ ಕಲಿತನೆಂದು ಹೇಳುತ್ತಾರೆ. 12ನೆಯ ವಯಸ್ಸಿನಲ್ಲಿ ಹಂಗೇರಿಯ ಪ್ರಸಿದ್ಧ ಆಟಗಾರ ಲೋವೆಂಥಾಲನನ್ನು ಸೋಲಿಸಿದ. ಆದರೂ ಓದು ಬಿಡಲಿಲ್ಲ. 1857ರಲ್ಲಿ ಕಾನೂನು ಪದವಿ ಪಡೆದಾಗ ವಕೀಲಿಗೆ ಬೇಕಾದ ವಯಸ್ಸೇ ಆಗಿರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ನಡೆದ ಮೊದಲ ಅಮೆರಿಕನ್ ಚೆಸ್ ಸಮ್ಮೇಳನದಲ್ಲಿ ಗೆದ್ದು, 1858ರಲ್ಲಿ ಯುರೋಪಿಗೆ ಹೊರಟ.

ಆ ವರ್ಷ ಪ್ಯಾರಿಸ್ಸಿನ ಒಪೆರಾ ರಂಗಮಂದಿರದಲ್ಲಿ ಆಡಿದ ಆಟ ಇಂದಿಗೂ ಪಾಠವಾಗಿದೆ. ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಇಬ್ಬರೂ ಸೇರಿ ಕಪ್ಪು ಕಾಯಿಗಳನ್ನು ನಡೆಸಿದರು. ಮೂರನೆಯ ನಡೆಯಲ್ಲಿ ಮುಂದೆ ತಂದ ಒಂಟೆಯನ್ನು ಮರುನಡೆಯಲ್ಲೇ ಮಾರ್ಫಿಯ ಕುದುರೆಗೆ ಬದಲಾಗಿ ಕೊಡಬೇಕಾಯಿತು. ಎಂಟನೆಯ ನಡೆಯಲ್ಲಿ ಕಾಲಾಳೊಂದನ್ನು ಹೊಡೆಯುವ ಅವಕಾಶ ಮಾರ್ಫಿಗೆ ಸಿಕ್ಕಿತು. ಹೊಡೆದಿದ್ದರೆ ಎರಡೂ ಕಡೆಯ ಮಂತ್ರಿಗಳು ಬದಲಾಗಿ ಆಟದ ಬಿಸಿ ಆರುತ್ತಿತ್ತು. ಆತ ಅದನ್ನು ಬಿಟ್ಟು ಇನ್ನೊಂದು ಕುದುರೆಯನ್ನು ಹೊರತಂದ. ಒಂಬತ್ತನೆಯ ನಡೆಗೆ ಅವನ ಮಂತ್ರಿ, ಎರಡು ಒಂಟೆ, ಒಂದು ಕುದುರೆ ಕಣದಲ್ಲಿದ್ದವು. ಎದುರಾಳಿಗಳ ಒಂದು ಕುದುರೆ ಮಾತ್ರ ಹೊರಗೆ ಬಂದಿತ್ತು. ಅವರ ಮಂತ್ರಿ ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತಿತ್ತು. ಆಗ ಮಾರ್ಫಿ ಕುದುರೆಯನ್ನು ಕೊಟ್ಟು ದಾರಿ ತೆರೆದ, ಕ್ಯಾಸ್ಲಿಂಗ್ ಮಾಡಿ ಆನೆಯನ್ನು ಯುದ್ಧಕ್ಕೆ ತಂದ. ಕೊನೆಗೆ ಮಂತ್ರಿಯನ್ನೂ ಬಲಿಕೊಟ್ಟು, 17ನೆಯ ನಡೆಯಲ್ಲಿ ಒಂದು ಆನೆ, ಒಂದು ಒಂಟೆಯಿಂದ ಚೆಕ್‌ಮೇಟ್ ಮಾಡಿದ. ಆಟ ಮುಗಿದಾಗ ಕಪ್ಪಿನ ಒಂದು ಒಂಟೆ, ಒಂದು ಆನೆ ಒಮ್ಮೆಯೂ ಕದಲಿರಲಿಲ್ಲ.

ಅದೇ ಡಿಸೆಂಬರಿನಲ್ಲಿ ಜರ್ಮನಿಯ ಮಹಾನ್ ಆಟಗಾರ ಆಂಡರ್ಸನ್ನನ ವಿರುದ್ಧ 7 ಆಟ ಗೆದ್ದು, 2 ಸೋತು, 2 ಸಮ ಮಾಡಿಕೊಂಡ. ಆಗ ಅವನಿಗೆ ಕೇವಲ 21 ವರ್ಷ.

ಮುಂದಿನ ಬಾಳು ಹಾಗೆ ಸಾಗಲಿಲ್ಲ. 1859ರಲ್ಲಿ ಸ್ವದೇಶಕ್ಕೆ ಮರಳಿದ ಮಾರ್ಫಿ ಕ್ರಮೇಣ ಸ್ಪರ್ಧೆಗಳಿಂದ ದೂರವಾದ. 1861ರಲ್ಲಿ ಅಂತರ್ಯುದ್ಧ ಬಂತು, ವಕೀಲಿ ಕೈಹಿಡಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಮನೋರೋಗ ಕಾಡಿತು. 1884ರ ಜುಲೈ 10ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡ. ಇದಕ್ಕೆ ಆಟವನ್ನು ದೂರುವುದು ಸರಿಯಲ್ಲ. ರೋಗ ಯಾರಿಗೂ ಬರಬಹುದು, ಅಂಥವರಿಗೆ ಆರೈಕೆ ಬೇಕು.

ಓದುಗರೇ, ಮುಂದಿನ ಸಲ ಚೆಸ್ ಆಡುವಾಗ ಹತ್ತನೆಯ ನಡೆಗೆ ಒಮ್ಮೆ ಎಣಿಸಿ ನೋಡಿ: ನಿಮ್ಮ ಎಷ್ಟು ಕಾಯಿಗಳು ಇನ್ನೂ ಮನೆಯಲ್ಲೇ ಇವೆ? ಸಿಕ್ಕ ಕಾಲಾಳಿನ ಆಸೆಗೆ ಬೀಳದೆ ಮೊದಲು ಅವುಗಳನ್ನು ಹೊರಡಿಸಿ. ಓದಿನಲ್ಲೂ ಅಷ್ಟೇ, ತಯಾರಿ ಮೊದಲು, ಫಲ ಆಮೇಲೆ.