ಗ್ಲುಟೆನ್ ಬಿಟ್ಟ ಮಗುವಿಗೆ ತಲೆಸುತ್ತು: ಡಾ. ಡಿಕ್ಕೆ ಬದುಕು ಏನು ಕಲಿಸುತ್ತದೆ?

ಸೀಲಿಯಾಕ್ ಕಾಯಿಲೆ ಇರುವ ಮಗು ಗೋಧಿ ಬಿಟ್ಟ ಮೇಲೂ ತಲೆಸುತ್ತು, ವಾಕರಿಕೆ ಅಂದರೆ ಪಥ್ಯವೇ ತಪ್ಪೇ? ಅಲ್ಲ. ಈ ಪಥ್ಯ ಹುಟ್ಟಿದ ಕಥೆಯನ್ನು ನಾವು ನೋಡೋಣ.

ವಿಲೆಮ್ ಕರೆಲ್ ಡಿಕ್ಕೆ 1905ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದರು. 1936ರಲ್ಲಿ, 31ನೇ ವಯಸ್ಸಿಗೇ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಸೀಲಿಯಾಕ್ ಮಕ್ಕಳು ಭೇದಿಯಿಂದ ಸೊರಗಿ, ಹೊಟ್ಟೆ ಉಬ್ಬಿ ಬರುತ್ತಿದ್ದರು. ಆಗ ಬಾಳೆಹಣ್ಣಿನ ಪಥ್ಯ ಹೆಸರಾಗಿತ್ತು. ಕಾಯಿಲೆಗೆ ಕಾರಣ ಮಾತ್ರ ಗೊತ್ತಿರಲಿಲ್ಲ. ಡಿಕ್ಕೆಗೆ ಗೋಧಿಯ ಮೇಲೆ ಸಂಶಯ ಬಂತು. 1941ರಲ್ಲೇ ಗೋಧಿ ಇಲ್ಲದ ಆಹಾರದ ಬಗ್ಗೆ ಬರೆದರು.

ಆದರೆ ಸಂಶಯವನ್ನೇ ಸತ್ಯ ಎನ್ನಲಿಲ್ಲ. ವರ್ಷಗಟ್ಟಲೆ ಮಕ್ಕಳ ಆಹಾರದಿಂದ ಗೋಧಿ ತೆಗೆದು, ಮತ್ತೆ ಕೊಟ್ಟು, ಬದಲಾವಣೆ ಬರೆದಿಟ್ಟರು. 1950ರಲ್ಲಿ ಉಟ್ರೆಕ್ಟ್‌ನಲ್ಲಿ ಅದೇ ಅವರ ಮಹಾಪ್ರಬಂಧವಾಯಿತು. ಬಳಿಕ ವ್ಯಾನ್ ಡೆ ಕಾಮರ್, ವೇಯರ್ಸ್ ಜತೆ ಸೇರಿ, ತೊಂದರೆ ಕೊಡುವುದು ಗೋಧಿಯ ಗ್ಲುಟೆನ್ ಎಂದು ತೋರಿಸಿದರು. 1962ರಲ್ಲಿ ತೀರಿಕೊಂಡರು.

ಬಿ.ಸಿ.ರೋಡಿನ ಮನೆಗಳಿಗೂ ಪಾಠ ಇದೇ: ಊಹೆ ಬೇಡ, ಬರೆದಿಡಿ. ಗಂಜಿ, ನೀರುದೋಸೆಯಲ್ಲಿ ಗ್ಲುಟೆನ್ ಇಲ್ಲ. ಗೋಳಿಬಜೆ, ಬನ್ಸ್‌ನ ಮೈದಾದಲ್ಲಿ ಇದೆ. ಅಂಗಡಿಯ ಇಂಗಿಗೂ ಹೆಚ್ಚಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ, ಪ್ಯಾಕೆಟ್ ಓದಿ. ಕಬ್ಬಿಣಾಂಶ, ಬಿ12 ಕೊರತೆಯಿಂದಲೂ, ಊಟ-ನೀರು ಕಡಿಮೆಯಾದರೂ ತಲೆಸುತ್ತು ಬರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಮಗು ಪ್ರಜ್ಞೆ ತಪ್ಪಿದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕಾಯಿಲೆ ಇದೆಯೋ ಎಂಬ ಸಂಶಯ ಮಾತ್ರ ಇದ್ದರೆ, ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ, ಫಲಿತಾಂಶ ತಪ್ಪಾಗಬಹುದು. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.